ದೋಸೆ ಕಾವಲಿಯ ಹಾಗೆ ಮುಸುರೆ ತೊಟ್ಟಿಯೂ ಕಾಣಲಿ

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ದರ್ಶಿನಿಗಳಲ್ಲಿ, ಅಂದರೆ ನಿಂತು ತಿನ್ನುವ ಹೋಟೆಲುಗಳಲ್ಲಿ, ಕಾಫಿ, ದೋಸೆ ದುಬಾರಿಯಾಯಿತೆಂಬ ದೂರು ಓದುಗರ ಪತ್ರಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದ ಮೇಲಂತೂ ಕಾಫಿ ಲೋಟದ ಅಳತೆಯೂ ಬೆಲೆಯೂ ಊರಿನ ಮಾತಾಯಿತು. ಬೆಲೆಯ ಜಗಳ ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಲೋಟ ಇಪ್ಪತ್ತು ನಿಮಿಷದ ಹಿಂದೆ ಯಾರ ತುಟಿಗೆ ತಾಗಿತ್ತು, ನಡುವೆ ಯಾವ ನೀರು ಕಂಡು ಬಂತು ಎಂದು ಕೇಳಿದವರು ಕಡಿಮೆ. ಗಾಂಧಿ ಬಜಾರ್, ಡಿ.ವಿ.ಜಿ. ರಸ್ತೆ, ವಿ.ವಿ. ಪುರದ ಸುತ್ತಮುತ್ತ ಬೆಳಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ತಿನ್ನುವವರ ಸಂತೆ ನೆರೆಯುತ್ತದೆ. ಅಲ್ಲಿ ಪ್ರತಿದಿನ ತೊಳೆದು ಬರುವ ತಟ್ಟೆ, ಲೋಟ, ಚಮಚಗಳ ಬಗ್ಗೆ ಈ ಪತ್ರ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಜನರಿಗೆ ಹೊಸದಾಗಿ ಕಂಡದ್ದು ಬರೀ ನಿಂತು ತಿನ್ನುವುದಲ್ಲ, ಅಡುಗೆ ಕಣ್ಣೆದುರೇ ಆಗುವುದು. ಅದಕ್ಕೆ ಮುಂಚೆ ಹೋಟೆಲಿನ ಒಳಮನೆ ಎಂದರೆ ‘ಪ್ರವೇಶವಿಲ್ಲ’ ಎಂಬ ಬೋರ್ಡು, ಅದರ ಹಿಂದೆ ಹೊಗೆ. ಸೌಟು, ಕಾವಲಿ, ಇಡ್ಲಿ ಪೆಟ್ಟಿಗೆ ಎಲ್ಲ ಮುಂದಕ್ಕೆ ಬಂದವು, ಗಿರಾಕಿಗೆ ದರ್ಶನ ಸಿಕ್ಕಿತು. ಆ ದರ್ಶನ ಅರ್ಧಕ್ಕೇ ನಿಂತಿತು ಎಂಬುದು ನಮ್ಮ ತಕರಾರು. ಬೇಯಿಸುವ ಜಾಗ ಮುಂದೆ ಬಂತು, ತೊಳೆಯುವ ಜಾಗ ಹಿತ್ತಲಲ್ಲೇ ಉಳಿಯಿತು. ಮೆಟ್ಟಿಲ ಕೆಳಗಿನ ಮೂಲೆ, ಪಕ್ಕದ ಓಣಿ, ಶೌಚಾಲಯದ ಗೋಡೆಗೆ ಅಂಟಿದ ನಾಲ್ಕಡಿ ಜಾಗ: ಮುಸುರೆ ತೊಟ್ಟಿಯ ವಿಳಾಸ ಸಾಮಾನ್ಯವಾಗಿ ಇಷ್ಟೇ.

ಬೆಂಗಳೂರಿಗೆ ಈ ವಿಷಯ ಹೊಸದೇನಲ್ಲ. 1951ರಲ್ಲಿ ಯುರೋಪ್ ಸುತ್ತಿ ಬಂದ ಮಾವಳ್ಳಿ ಟಿಫಿನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು ಪಾತ್ರೆ, ಚಮಚಗಳ ಕ್ರಿಮಿಶುದ್ಧಿಯ ಕ್ರಮವನ್ನು ಇಲ್ಲಿಗೆ ತಂದರು. ಅಡುಗೆಮನೆಯನ್ನು ಗಿರಾಕಿಗಳು ನೋಡಲಿ ಎಂದರು. ಮುಕ್ಕಾಲು ಶತಮಾನ ಕಳೆಯುತ್ತಾ ಬಂದರೂ ಬೀದಿಬೀದಿಯ ದರ್ಶಿನಿಗೆ ಅದು ಇಳಿದಿಲ್ಲ.

ಗಿರಾಕಿಗಳ ಕಣ್ಣು ಬೀಳುವುದೂ ತಪ್ಪು ಜಾಗದಲ್ಲಿ. ಕಾವಲಿ ಹತ್ತಿರ ನಿಂತವರು ತೆಂಗಿನಕಡ್ಡಿ ಪೊರಕೆ ಕಂಡು ಮೂಗು ಮುರಿಯುತ್ತಾರೆ. ಕಾವಲಿಯ ಕೆಲಸ ಒಮ್ಮೆ ಹತ್ತಿರದಿಂದ ನೋಡಬೇಕು. ಒಂದು ಸುತ್ತಿನ ದೋಸೆ ಎತ್ತಿದ ಕೂಡಲೇ ಕಲ್ಲು ಅತಿಯಾಗಿ ಕಾದಿರುತ್ತದೆ. ಹಾಗೇ ಹಿಟ್ಟು ಹುಯ್ದರೆ ಅದು ತಕ್ಷಣ ಗಟ್ಟಿಯಾಗಿ ಸೌಟಿಗೇ ಸುತ್ತಿಕೊಳ್ಳುತ್ತದೆ, ಹರಡುವುದಿಲ್ಲ. ಅದಕ್ಕೇ ಭಟ್ಟರು ಒಂದು ಲೋಟ ನೀರು ಚಿಮ್ಮಿಸಿ ಪೊರಕೆಯಲ್ಲಿ ಗುಡಿಸುವುದು. ನೀರು ಸುಂಯ್ ಎಂದು ಹಬೆಯಾಗಿ ಹೋಗುತ್ತದೆ, ಕಲ್ಲಿನ ಮೇಲ್ಮೈ ಕಾವು ಒಂದು ಹದಕ್ಕೆ ಇಳಿಯುತ್ತದೆ, ಹಿಂದಿನ ಸುತ್ತಿನ ಕರಕಲು ಚೂರು ಅಂಚಿಗೆ ಸರಿಯುತ್ತದೆ. ಆ ಪೊರಕೆ ದಿನವಿಡೀ ನೀರು ಕುದಿದು ಹಾರುವ ಕಾವಿನ ಮೇಲೇ ಓಡಾಡುತ್ತದೆ, ಕ್ರಿಮಿಗೆ ಅಲ್ಲಿ ಉಳಿಗಾಲ ಕಡಿಮೆ. ಅದರ ನಿಜವಾದ ದೋಷ ಬೇರೆ: ಹಳತಾದ ಪೊರಕೆಯ ಕಡ್ಡಿ ತುದಿ ಮುರಿದು ದೋಸೆಗೆ ಸೇರಬಹುದು. ತುದಿ ಸೀಳಿದ ಕೂಡಲೇ ಬದಲಿಸಿದರಾಯಿತು. ಪೊರಕೆಯ ಫೋಟೊ ತೆಗೆದು ಹಂಚುವ ಅದೇ ಗಿರಾಕಿ, ಹಸಿ ಒರೆಸುಬಟ್ಟೆಯಲ್ಲಿ ಒರೆಸಿ ಕೊಟ್ಟ ತಟ್ಟೆಯನ್ನು ‘ಪರವಾಗಿಲ್ಲ, ಒಣಗಿಸಿದ್ದಾರೆ’ ಎಂದು ಖುಷಿಯಿಂದ ತೆಗೆದುಕೊಳ್ಳುತ್ತಾನೆ. ಹೆದರಬೇಕಾದದ್ದು ಆ ಬಟ್ಟೆಗೆ.

ಬಟ್ಟೆ ಯಾಕೆ ಬಂತು ಎಂಬುದಕ್ಕೆ ಲೆಕ್ಕವಿದೆ. ಒಂದು ಚುರುಕಾದ ದರ್ಶಿನಿಯ ಭಾನುವಾರದ ಬೆಳಗ್ಗೆ ಎಂದಿಟ್ಟುಕೊಳ್ಳಿ, ಗಂಟೆಗೆ 300 ಗಿರಾಕಿ. ಇಡ್ಲಿ-ವಡೆ ತಿಂದವರಲ್ಲಿ ಅರ್ಧ ಜನ ಆಮೇಲೆ ದೋಸೆಯನ್ನೋ ಖಾರಾಬಾತನ್ನೋ ತೆಗೆದುಕೊಳ್ಳುತ್ತಾರೆ, ತಲೆಗೆ ಒಂದೂವರೆ ತಟ್ಟೆ ಹಿಡಿಯೋಣ. ಗಂಟೆಗೆ 450 ತಟ್ಟೆ ಆಯಿತು. ಒಂದು ತಟ್ಟೆ ಕೌಂಟರ್ ಬಿಟ್ಟು ಗಿರಾಕಿಯ ಮುಂದೆ 10 ನಿಮಿಷ ಇರುತ್ತದೆ. ಕ್ಲೀನರ್ ಟಬ್ಬು ತುಂಬಿಕೊಂಡು ಹಿಂದಕ್ಕೆ ಒಯ್ಯಲು 5, ಸರಿಯಾಗಿ ತೊಳೆಯಲು 5, ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಗಾಳಿಗೆ ಒಣಗಲು 15. ಒಂದು ಸುತ್ತಿಗೆ 35 ನಿಮಿಷ. ಗಂಟೆಗೆ 450ರ ವೇಗದಲ್ಲಿ ಈ ಸುತ್ತು ನಡೆಯಬೇಕಾದರೆ ಹೋಟೆಲಿನಲ್ಲಿ 260ಕ್ಕೂ ಹೆಚ್ಚು ತಟ್ಟೆ ಬೇಕು. ಇರುವುದು 150 ಎಂದುಕೊಳ್ಳಿ. ಆಗ ಪ್ರತಿಯೊಂದು ತಟ್ಟೆಯೂ 20 ನಿಮಿಷಕ್ಕೆ ವಾಪಸ್ ಬರಲೇಬೇಕು, 35ರಲ್ಲಿ 15 ನಿಮಿಷ ಎಲ್ಲಿಂದಲೋ ಕಡಿಯಲೇಬೇಕು. ಗಿರಾಕಿಗೆ ಬೇಗ ತಿಂದು ಏಳಪ್ಪ ಎನ್ನಲಾಗದು, ಅವನು ನಿಂತೇ ಇದ್ದಾನೆ. ಕಡಿತವಾಗುವುದು ಒಣಗುವ ಹದಿನೈದು ನಿಮಿಷ. ಹೀಗೆ ಒದ್ದೆ ತಟ್ಟೆ ಬಂತು, ಒದ್ದೆ ತಟ್ಟೆ ಕಂಡರೆ ಗಿರಾಕಿ ಗೊಣಗುತ್ತಾನೆಂದು ಬಟ್ಟೆ ಬಂತು. ಒಂದೇ ಬಟ್ಟೆ ನಲವತ್ತು ಐವತ್ತು ತಟ್ಟೆ ಒರೆಸುತ್ತದೆ, ಬೆಚ್ಚಗೆ, ಹಸಿಯಾಗಿ, ಭುಜದ ಮೇಲೆ. ಮೊದಲನೆಯ ತಟ್ಟೆಯಲ್ಲಿ ಉಳಿದಿದ್ದು ಕೊನೆಯದಕ್ಕೂ ಹತ್ತುತ್ತದೆ.

ಕೊಳೆಯ ಮೂಲ ಹುಡುಕುತ್ತಾ ಹೋದರೆ ಸಿಗುವುದು ಕೆಲಸಗಾರನ ಸೋಮಾರಿತನವಲ್ಲ, ನೂರಹದಿನೈದು ತಟ್ಟೆಯ ಕೊರತೆ. ತಟ್ಟೆಯೊಂದಕ್ಕೆ 120 ರೂಪಾಯಿ ಹಿಡಿದರೂ 13,800 ರೂಪಾಯಿ, ಒಂದೇ ಸಲದ ಖರ್ಚು. ಹೊಸ ಎಲ್.ಇ.ಡಿ. ಬೋರ್ಡಿಗೆ ಮಾಲೀಕರು ಇದಕ್ಕಿಂತ ಹೆಚ್ಚು ಸುರಿಯುತ್ತಾರೆ.

ತೊಳೆಯುವ ಕ್ರಮ ಗುಟ್ಟೇನಲ್ಲ. ಹೋಟೆಲ್ ಕೆಲಸ ಕಲಿಸುವ ಕಡೆಯೆಲ್ಲ ಹೇಳಿಕೊಡುವುದೇ ಮೂರು ತೊಟ್ಟಿಯ ಕ್ರಮ. ತೊಟ್ಟಿಗೆ ಇಳಿಸುವ ಮುಂಚೆ ತಟ್ಟೆ ಕೆರೆಯಬೇಕು. ಕರಿಬೇವು, ಮೆಣಸಿನಕಾಯಿ, ಚಟ್ನಿ ಉಳಿಕೆಯೆಲ್ಲ ಬಕೆಟ್ಟಿಗೆ ಹೋಗಬೇಕು. ಇದನ್ನು ಬಿಟ್ಟರೆ ಮುಂದಿನದೆಲ್ಲ ದಂಡ, ಹತ್ತು ನಿಮಿಷಕ್ಕೆ ತೊಟ್ಟಿಯೇ ಸಾಂಬಾರಾಗುತ್ತದೆ. ಮೊದಲನೆಯ ತೊಟ್ಟಿಯಲ್ಲಿ ಕೈ ತಡೆಯುವಷ್ಟು ಬಿಸಿ, ಅಂದರೆ 45 ಡಿಗ್ರಿ ಆಸುಪಾಸಿನ ನೀರು ಮತ್ತು ಸೋಪು. ಎರಡನೆಯದರಲ್ಲಿ ಬರಿಯ ನೀರು. ಮೂರನೆಯದರಲ್ಲಿ ಕ್ರಿಮಿ ಕಳೆಯುವ ಕೆಲಸ: ಒಂದೋ 77 ಡಿಗ್ರಿಗಿಂತ ಮೇಲಿನ ಬಿಸಿನೀರಿನಲ್ಲಿ ಅರ್ಧ ನಿಮಿಷ, ಇಲ್ಲವೇ ಕ್ಲೋರಿನ್ ಹಾಕಿದ ತಣ್ಣೀರಿನಲ್ಲಿ ಒಂದು ನಿಮಿಷ. ಆಮೇಲೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸುವುದು. ಒಂದರ ಮೇಲೊಂದು ಪೇರಿಸಬಾರದು, ಒರೆಸಲೂ ಬಾರದು.

ಮೊದಲ ತೊಟ್ಟಿಯ ನೀರು ಬಿಸಿ ಇರಲೇಬೇಕು ಎಂಬುದಕ್ಕೆ ಕಾರಣ ಬೆಣ್ಣೆ ಮತ್ತು ತುಪ್ಪ. ಬೆಣ್ಣೆ ಕರಗುವುದು 32-35 ಡಿಗ್ರಿಯಲ್ಲಿ. ಡಿಸೆಂಬರ್ ಬೆಳಗ್ಗೆ ಸಂಪಿನ ನೀರು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಅದರಲ್ಲಿ ಬೆಣ್ಣೆ ದೋಸೆ ತಿಂದ ತಟ್ಟೆಯನ್ನು ಎಷ್ಟು ಉಜ್ಜಿದರೂ ಜಿಡ್ಡು ಕರಗುವುದಿಲ್ಲ, ತಟ್ಟೆಯ ತುಂಬ ಹರಡುತ್ತದೆ ಅಷ್ಟೇ. ತೊಳೆದ ತಟ್ಟೆಯ ಮೇಲೆ ಹೆಬ್ಬೆರಳು ಒತ್ತಿ ಎಳೆಯಿರಿ: ಕಿರ್ರ್ ಎಂದರೆ ಶುದ್ಧ, ಜಾರಿದರೆ ಜಿಡ್ಡು ಇನ್ನೂ ಇದೆ. ಗಿರಾಕಿಯ ಕೈಗೆ ಸಿಗುವ ಪರೀಕ್ಷೆ ಇದೊಂದೇ, ಯಾರ ಅಪ್ಪಣೆಯೂ ಬೇಕಿಲ್ಲ.

ಕ್ಲೋರಿನ್ ಎಂದ ಕೂಡಲೇ ಕೆಲವರು ಅಳತೆಯಿಲ್ಲದೆ ಸುರಿದು ಇಡ್ಲಿಗೆ ಈಜುಕೊಳದ ವಾಸನೆ ಬರಿಸುತ್ತಾರೆ. ಅಂಗಡಿಯಲ್ಲಿ ಸಿಗುವ 4 ಪರ್ಸೆಂಟಿನ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವಾದರೆ 20 ಲೀಟರ್ ನೀರಿಗೆ 50 ಮಿಲಿಲೀಟರ್ ಸಾಕು, ಹತ್ತು ಲಕ್ಷ ಭಾಗಕ್ಕೆ 100 ಭಾಗದಷ್ಟಾಗುತ್ತದೆ. ಅದರ ಅರ್ಧದವರೆಗೆ ಇಳಿದರೂ ಕೆಲಸ ನಡೆಯುತ್ತದೆ, ಅದಕ್ಕಿಂತ ಕೆಳಗೆ ನಂಬುವಂತಿಲ್ಲ. ಇಲ್ಲಿ ಮೂರು ಎಡವಟ್ಟು ಪದೇ ಪದೇ ಆಗುತ್ತವೆ. ಎರಡನೆಯ ತೊಟ್ಟಿ ತಪ್ಪಿಸಿ ಸೋಪಿನಿಂದ ನೇರ ಕ್ಲೋರಿನ್ನಿಗೆ ಅದ್ದಿದರೆ ಸೋಪಿನ ಜೊತೆ ಬಂದ ಕೊಳೆ ಕ್ಲೋರಿನ್ನನ್ನೇ ತಿಂದುಹಾಕುತ್ತದೆ. ಬಿಸಿನೀರಿಗೆ ಕ್ಲೋರಿನ್ ಹಾಕಿದರೆ ‘ಎರಡೂ ಸೇರಿ ಡಬಲ್’ ಆಗುವುದಿಲ್ಲ, ಅದು ಆವಿಯಾಗಿ ಕ್ಲೀನರ್‌ನ ಕಣ್ಣು, ಗಂಟಲು ಉರಿಸುತ್ತದೆ. ಮೂರನೆಯದು ಅಪಾಯದ್ದು: ನೆಲ, ಕಕ್ಕಸು ತೊಳೆಯುವ ಆಸಿಡ್ಡಿನ ಬಾಟಲಿಯನ್ನು ಇದರ ಪಕ್ಕದಲ್ಲೇ ಇಟ್ಟು, ಬೆಳಗಿನ ಗಡಿಬಿಡಿಯಲ್ಲಿ ಎರಡೂ ಸೇರಿದರೆ ವಿಷಾನಿಲ ಏಳುತ್ತದೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡಬೇಕು.

‘ನೀರೆಲ್ಲಿದೆ ಸ್ವಾಮಿ?’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದು ಕುಳಿತ ನೆನಪು ಎಲ್ಲರಿಗೂ ಇದೆ. ಆದರೆ ಲೆಕ್ಕ ತಿರುಗಿಸಿ ನೋಡಿ. ಧಾರಾಳವಾಗಿ ಬಿಟ್ಟ ನಲ್ಲಿ ನಿಮಿಷಕ್ಕೆ 6-8 ಲೀಟರ್ ಸುರಿಸುತ್ತದೆ, ಗಂಟೆಗೆ 360ರಿಂದ 480 ಲೀಟರ್. ತಲಾ 40 ಲೀಟರಿನ ಮೂರು ತೊಟ್ಟಿಯನ್ನು ಗಂಟೆಗೊಮ್ಮೆ ಪೂರ್ತಿ ಬದಲಿಸಿದರೂ 120 ಲೀಟರ್. ಮೂರು ತೊಟ್ಟಿಯ ಕ್ರಮ ನೀರು ಉಳಿಸುವ ಕ್ರಮವೇ. ಕುಡಿಯುವಂಥ ನೀರಿನಲ್ಲೇ ತೊಳೆಯಬೇಕು ಎಂಬುದು ಮಾತ್ರ ಬಿಡುವಂತಿಲ್ಲ. ಗ್ಯಾಸಿನ ಲೆಕ್ಕವೂ ಅಂಥ ಭಾರವಲ್ಲ. 40 ಲೀಟರ್ ನೀರನ್ನು 25ರಿಂದ 80 ಡಿಗ್ರಿಗೆ ಏರಿಸಲು, ಒಲೆಯ ಅರ್ಧ ಕಾವು ಪೋಲಾಗುತ್ತದೆಂದು ಹಿಡಿದರೂ, ಸುಮಾರು 400 ಗ್ರಾಂ ಅನಿಲ. 19 ಕಿಲೋ ಸಿಲಿಂಡರಿನಲ್ಲಿ ಹೀಗೆ ನಲವತ್ತೈದು ಸಲಕ್ಕೂ ಮೀರಿ ಕಾಯಿಸಬಹುದು. ಸೂರಿನ ಮೇಲೊಂದು ಸೋಲಾರ್ ಇದ್ದರೆ ಅದೂ ಇಳಿಯುತ್ತದೆ.

ಈಗ ಚಮಚದ ವಿಷಯ. ದರ್ಶಿನಿಯ ಕೌಂಟರ್ ಪಕ್ಕ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಬಿಸಿನೀರು, ನೀರಿನಲ್ಲಿ ಚಮಚ. ಈ ಏರ್ಪಾಡನ್ನು ಕಂಡುಹಿಡಿದವರ ಬುದ್ಧಿ ದೊಡ್ಡದು, ಆದರೆ ಅದರ ಜೀವ ಇರುವುದು ನೀರಿನ ಬಿಸಿಯಲ್ಲಿ. ಆರು ಗಂಟೆಗೆ ಕುದಿಯುವ ನೀರು ಹುಯ್ದು ಎಂಟೂವರೆಗೆ ನೋಡಿ. ಹಬೆ ಇಲ್ಲ, ಮೇಲೆ ತೆಳ್ಳಗೆ ಎಣ್ಣೆಯ ಬಣ್ಣಬಣ್ಣದ ಪೊರೆ, ಅಡಿಯಲ್ಲಿ ಎರಡು ಸಾಸಿವೆ ಕಾಳು. ಅಷ್ಟು ಹೊತ್ತಿಗೆ ಇನ್ನೂರು ಮುನ್ನೂರು ಜನರ ಬೆರಳು ಅದರೊಳಗೆ ಹೋಗಿ ಬಂದಿರುತ್ತದೆ, ಯಾಕೆಂದರೆ ಚಮಚದ ಹಿಡಿ ಪೂರ್ತಿ ಮುಳುಗಿದೆ. ಕುದಿನೀರು ಕ್ರಿಮಿ ಕೊಲ್ಲುತ್ತದೆ, ಉಗುರುಬೆಚ್ಚಗಿನ ನೀರು ಸಾಕುತ್ತದೆ. ಡಬ್ಬಿಯ ಕೆಳಗೆ ಸಣ್ಣ ಬಿಸಿತಟ್ಟೆ ಇಡಬೇಕು, ಸದಾ ಹಬೆ ಕಾಣುತ್ತಿರಬೇಕು. ಡಬ್ಬಿಯ ಆಳ ಚಮಚದ ಉದ್ದಕ್ಕಿಂತ ಎರಡಿಂಚು ಕಡಿಮೆ ಇದ್ದರೆ ಹಿಡಿ ಹೊರಗೆ ನಿಲ್ಲುತ್ತದೆ, ಬೆರಳು ನೀರಿಗೆ ಇಳಿಯುವುದಿಲ್ಲ. ಅಷ್ಟು ಆಗದಿದ್ದರೆ ಒಣ ಚಮಚವನ್ನೇ ಹಿಡಿ ಮೇಲೆ ಮಾಡಿ ಒಣ ಡಬ್ಬಿಯಲ್ಲಿ ಇಡಲಿ. ಬಿಸಿಯಿಲ್ಲದ ಬಿಸಿನೀರಿಗಿಂತ ಒಣ ಡಬ್ಬಿ ಎಷ್ಟೋ ವಾಸಿ.

ಕಾಫಿ ಲೋಟದ್ದು ಬೇರೆಯೇ ಪಾಠ. ಹಾಲು ಕಂಡ ಲೋಟಕ್ಕೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನೇರ ಕುದಿನೀರಿಗೆ ಹಾಕಿದರೆ ಹಾಲಿನ ಅಂಶ ಬೆಂದು ಲೋಟದ ಅಂಚಿಗೆ ಕಚ್ಚಿಕೊಳ್ಳುತ್ತದೆ. ಎಂಟು ದಿನಕ್ಕೆ ಅದು ಹಳದಿ ಬಳೆಯಾಗುತ್ತದೆ. ಬೈಟೂ ಕಾಫಿಗೆ ಬರುವ ಎರಡನೆಯ ಲೋಟದ ತಳದಲ್ಲಿ ಅರ್ಧ ಚಮಚ ನೀರು ಇದ್ದರೆ ಅದೂ ಒದ್ದೆ ಲೋಟದ ಲಕ್ಷಣವೇ, ಡಿಕಾಕ್ಷನ್ ತೆಳುವಾಗಲು ಅದೂ ಒಂದು ಕಾರಣ. ನೀರಿನ ಲೋಟವನ್ನು ಎತ್ತಿ ಕುಡಿಯುವ ರೂಢಿ ನಮ್ಮ ಕಡೆ ಹಿಂದೆ ಇತ್ತು, ಒಂದೇ ಲೋಟ ನೂರು ಜನರ ನಡುವೆ ಓಡಾಡಿದರೂ ತುಟಿ ತಾಗುತ್ತಿರಲಿಲ್ಲ. ಈಗ ಕಚ್ಚಿ ಕುಡಿಯುವವರೇ ಹೆಚ್ಚು. ಲೋಟಗಳು ಮಾತ್ರ ಹಳೆಯ ಕಾಲದ ಹಾಗೇ ಫಿಲ್ಟರಿನ ಪಕ್ಕ ಬೋರಲು ಬಿದ್ದಿರುತ್ತವೆ. ಕುಡಿದ ಲೋಟಕ್ಕೆ ಬೇರೆ ಟಬ್ಬು ಇಟ್ಟು ‘ಇಲ್ಲಿ ಹಾಕಿ’ ಎಂದು ಬರೆದರೆ ಮುಗಿಯಿತು.

ಇಷ್ಟೆಲ್ಲ ಬೇಡವೆಂದು ತಟ್ಟೆಯ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸುವ ಜಾಣತನ ಎಷ್ಟೋ ಕಡೆ ನಡೆದಿದೆ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ತಟ್ಟೆ, ಹಾಳೆಗಳಿಗೆ ನಿಷೇಧವಿದೆ. ಬಿಸಿ ಸಾಂಬಾರ್ ಬಿದ್ದ ಹಾಳೆ ಮುದುರಿ ತಟ್ಟೆಗೆ ಅಂಟುವುದನ್ನು ಕಂಡವರಿಗೆ ಕಾನೂನು ಹೇಳಬೇಕಾಗಿಲ್ಲ. ದುಂಡಗೆ ಕತ್ತರಿಸಿದ ಬಾಳೆ ಎಲೆ ಎಷ್ಟೋ ಮೇಲು. ಆದರೆ ಎಲೆ ಹಾಸಿದ ಮಾತ್ರಕ್ಕೆ ಕೆಳಗಿನ ತಟ್ಟೆ ತೊಳೆಯದಿದ್ದರೂ ನಡೆಯುತ್ತದೆ ಎಂದಲ್ಲ, ಎಲೆಯನ್ನೂ ಮಂಡಿಯಿಂದ ಬಂದ ಹಾಗೇ ಹಾಸುವಂತಿಲ್ಲ. ವಿ.ವಿ. ಪುರದ ತಿಂಡಿ ಬೀದಿಯಂಥ ಕಡೆ, ನೀರಿನ ಸಂಪರ್ಕ ಕಷ್ಟವಾದ ಗಾಡಿಗಳಿಗೆ ಎಲೆ, ದೊನ್ನೆ ಬಿಟ್ಟರೆ ಗತಿಯಿಲ್ಲ ಎಂಬುದನ್ನು ಒಪ್ಪಬೇಕು. ಬಕೆಟ್ಟಿನಲ್ಲಿ ಅದ್ದಿ ತೆಗೆದ ಸ್ಟೀಲ್ ತಟ್ಟೆಗಿಂತ ಅಲ್ಲಿ ದೊನ್ನೆಯೇ ಸರಿ.

ಪ್ಲಾಸ್ಟಿಕ್ಕಿನ ಮಾತು ಬಂದದ್ದರಿಂದ ಇಡ್ಲಿಯನ್ನೂ ಸೇರಿಸುತ್ತೇವೆ. 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಸುವುದನ್ನು ಪತ್ತೆ ಮಾಡಿ ನಿಷೇಧಿಸಿತು. ಸರಿಯಾದ ಕ್ರಮ. ಆದರೆ ಬಟ್ಟೆ ಬಿಟ್ಟು ಪ್ಲಾಸ್ಟಿಕ್ ಹಿಡಿದದ್ದರ ಹಿಂದೆಯೂ ತೊಳೆಯುವ ಕಷ್ಟವೇ ಇದೆ. ಇಡ್ಲಿ ಬಟ್ಟೆಯನ್ನು ಪ್ರತಿ ಸುತ್ತಿಗೂ ನೀರಿಗೆ ಅದ್ದಿ ಹಿಂಡಿ ಹಾಸಬೇಕು. ಬೆಂದ ಮೇಲೆ ಕವುಚಿ, ಬಟ್ಟೆಯ ಬೆನ್ನಿಗೆ ಒಂದು ಚಿಮುಕು ತಣ್ಣೀರು ಹಾಕಿದರೆ ಇಡ್ಲಿ ತಾನೇ ಬಿಡುತ್ತದೆ. ಒಣ ಬಟ್ಟೆ ಹಾಸಿದರೆ ಅರ್ಧ ಇಡ್ಲಿ ಬಟ್ಟೆಗೇ. ಬಟ್ಟೆಯ ಎಳೆಯೊಳಗೆ ಹಿಟ್ಟು ಒಣಗಿ ಹುಳಿಯುತ್ತದೆ, ಆದ್ದರಿಂದ ದಿನದ ಕೊನೆಗೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಜಾಲಿಸಿ, ಹರವಬೇಕು. ಎರಡು ಜೊತೆ ಬಟ್ಟೆ ಬೇಕು, ಒಂದು ಒಲೆಯ ಮೇಲೆ, ಇನ್ನೊಂದು ದಾರದ ಮೇಲೆ. ಮಾಲೀಕ ಎರಡನೆಯ ಜೊತೆ ಕೊಡಿಸದಿದ್ದರೆ ಭಟ್ಟರು ಪ್ಲಾಸ್ಟಿಕ್ ಹುಡುಕುತ್ತಾರೆ. ಬಟ್ಟೆಯೇ ಬೇಡವೆನ್ನುವವರು ಗುಂಡಿಗಳಿಗೆ ಎಣ್ಣೆ ಸವರಿ, ಇಳಿಸಿದ ಮೇಲೆ ಎರಡು ಮೂರು ನಿಮಿಷ ಆರಲು ಬಿಟ್ಟು ಚಮಚದಲ್ಲಿ ಎಬ್ಬಿಸಲಿ. ತಾಳ್ಮೆ ಬೇಕು ಅಷ್ಟೇ.

ತೊಳೆಯುವ ಹೊರೆ ಇಳಿಸಲು ಇನ್ನೊಂದು ದಾರಿ ತಿಂಡಿಯ ಪಟ್ಟಿ ಚಿಕ್ಕದು ಮಾಡುವುದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತಿನಂಥ ಬೆರಳೆಣಿಕೆಯ ತಿಂಡಿಯಲ್ಲೇ ಹೆಸರು ಉಳಿಸಿಕೊಂಡಿದೆ. ಸಾಂಬಾರೇ ಇಲ್ಲ, ಚಟ್ನಿ ಮಾತ್ರ. ಸಾಂಬಾರಿನ ಎಣ್ಣೆ, ಅರಿಸಿನ ಹತ್ತದ ತಟ್ಟೆ ಅರ್ಧ ಶ್ರಮಕ್ಕೇ ಶುದ್ಧವಾಗುತ್ತದೆ ಎಂಬುದು ಕ್ಲೀನರ್‌ಗೆ ಗೊತ್ತು, ಮೆನು ಬರೆಯುವವರಿಗೆ ಗೊತ್ತಿದ್ದಂತಿಲ್ಲ. ಇಡ್ಲಿಯಿಂದ ಹಿಡಿದು ಗೋಬಿ ಮಂಚೂರಿ, ಪನೀರ್ ದೋಸೆ, ಪಾವ್‌ಭಾಜಿವರೆಗೆ ನೂರಿಪ್ಪತ್ತು ಬಗೆ ಬರೆದ ಬೋರ್ಡಿನ ಕೆಳಗೆ ತೊಟ್ಟಿ ಒಂದೇ ಇದ್ದರೆ ಏನಾಗಬೇಕೋ ಅದೇ ಆಗುತ್ತದೆ.

ಚಟ್ನಿಯದ್ದು ಎರಡೇ ಮಾತು. ಬಕೆಟ್ಟಿನ ತಳದಲ್ಲಿ ಉಳಿದ ಕಾಯಿ ಚಟ್ನಿಗೆ ಹೊಸದನ್ನು ಸುರಿಯಬಾರದು, ಖಾಲಿ ಮಾಡಿ ಪಾತ್ರೆ ಬದಲಿಸಬೇಕು. ಏಪ್ರಿಲ್ ಮಧ್ಯಾಹ್ನ ಅದು ಮೂರು ಗಂಟೆಗೇ ಹಳಸುವ ದಾರಿ ಹಿಡಿಯುತ್ತದೆ, ಹೊಸದಕ್ಕೂ ಹುಳಿ ಹತ್ತಿಸುತ್ತದೆ. ಸಾಂಬಾರ್ ಮಾತ್ರ ಸದಾ 60 ಡಿಗ್ರಿಗಿಂತ ಮೇಲಿರಲಿ.

ಈ ಎಲ್ಲದರ ನಡುವೆ ತೊಟ್ಟಿಯ ಮುಂದೆ ನಿಂತವರನ್ನು ಯಾರೂ ಎಣಿಸುವುದಿಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ನೀರಿನಲ್ಲಿ ನಿಲ್ಲುವ ಕೆಲಸ, ಹೋಟೆಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಸಂಬಳದ್ದು. ಬೆರಳ ಸಂದು ಬೆಳ್ಳಗಾಗಿ ಬಿರಿಯುತ್ತದೆ, ಆ ಬಿರುಕಿನಲ್ಲಿ ಕೀವಾದರೆ ಅದು ತಟ್ಟೆಗೂ ದಾಟುತ್ತದೆ. ಉದ್ದ ತೋಳಿನ ರಬ್ಬರ್ ಗ್ಲೌಸು, ಕಾಲ ಕೆಳಗೆ ಮರದ ಜಾಲರಿ, ಎರಡು ಗಂಟೆಗೊಮ್ಮೆ ಜಾಗ ಬದಲು: ಇಷ್ಟು ಕೊಟ್ಟರೆ ಕೆಲಸದ ಗುಣವೇ ಬದಲಾಗುತ್ತದೆ. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಟೈಫಾಯ್ಡ್ ಲಸಿಕೆ ಕಡ್ಡಾಯ ಎಂದು ನಿಯಮವಿದೆ. ಪ್ರತಿ 25 ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕೆಂದೂ ಇದೆ. ತರಬೇತಿಗೆ ಹೋಗಿ ಬರುವವರು ಸಾಮಾನ್ಯವಾಗಿ ಗಲ್ಲಾದಲ್ಲಿ ಕೂರುವವರು, ತೊಟ್ಟಿಯವರೆಗೆ ಆ ಪಾಠ ತಲುಪುವುದಿಲ್ಲ.

ಆರೋಗ್ಯ ಇಲಾಖೆಯ ತಪಾಸಣೆಯೂ ತಿಂಡಿಯ ಮಾದರಿ ತೆಗೆದು ಬಾಟಲಿಗೆ ತುಂಬುವ ಕಡೆಗೇ ವಾಲಿದೆ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಯ ಕೃತಕ ಬಣ್ಣ, ಅದೇ ಜೂನಿನಲ್ಲಿ ಕಬಾಬಿನ ಬಣ್ಣ, ಮರುವರ್ಷ ಇಡ್ಲಿಯ ಪ್ಲಾಸ್ಟಿಕ್. ಒಂದೊಂದೂ ಆಗಬೇಕಾದದ್ದೇ. ಆದರೆ ತೊಟ್ಟಿಯ ನೀರಿನ ಬಿಸಿ ಬಾಟಲಿಗೆ ತುಂಬುವ ವಸ್ತುವಲ್ಲ, ಪ್ರಯೋಗಾಲಯ ಸೇರುವ ಹೊತ್ತಿಗೆ ಅದು ಆರಿರುತ್ತದೆ. ಸ್ಥಳದಲ್ಲೇ ಒಂದು ಉಷ್ಣಮಾಪಕ, ಕ್ಲೋರಿನ್ ನೋಡುವ ನಾಲ್ಕು ಕಾಗದದ ಪಟ್ಟಿ ಸಾಕು. ಹೋಗಬೇಕಾದ ಹೊತ್ತೂ ಮುಖ್ಯ. ಮಧ್ಯಾಹ್ನ ಮೂರೂವರೆಗೆ ಹೋದರೆ ಎಲ್ಲ ಹೋಟೆಲೂ ಶುದ್ಧವೇ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹೋಗಬೇಕು, ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯ ಸಂಜೆ ಬುಲ್ ಟೆಂಪಲ್ ರಸ್ತೆಗೆ ಹೋಗಬೇಕು.

ಗಿರಾಕಿಗಳ ಕೈಯಲ್ಲೂ ಒಂದು ಆಯುಧವಿದೆ. 2022ರ ಜನವರಿ 1ರಿಂದ ಬಿಲ್ಲಿನ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್.ಎಸ್.ಎಸ್.ಎ.ಐ.ನ 14 ಅಂಕಿಯ ಸಂಖ್ಯೆ ಇರಲೇಬೇಕು. ಮೊದಲ ಅಂಕಿ 1 ಆದರೆ ಪರವಾನಗಿ, 2 ಆದರೆ ಸಣ್ಣ ವ್ಯಾಪಾರದ ನೋಂದಣಿ. ಆ ಸಂಖ್ಯೆ ಹಾಕಿ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ದೂರು ಕೊಡಬಹುದು. ‘ಕ್ಲೀನ್ ಇರಲಿಲ್ಲ’ ಎಂದು ಬರೆದರೆ ಅದು ಎಲ್ಲಿಗೂ ಹೋಗುವುದಿಲ್ಲ. ‘ಬೆಳಗ್ಗೆ 9.10ಕ್ಕೆ ಚಮಚದ ಡಬ್ಬಿಯಲ್ಲಿ ಹಬೆ ಇರಲಿಲ್ಲ, ಹಸಿ ಬಟ್ಟೆಯಲ್ಲಿ ತಟ್ಟೆ ಒರೆಸುತ್ತಿದ್ದರು’ ಎಂದು ಬರೆದರೆ ತಪಾಸಣೆಗೆ ಬರುವವರಿಗೆ ಏನು ನೋಡಬೇಕೆಂದು ಗೊತ್ತಾಗುತ್ತದೆ.

ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಉದ್ಯಮ ಪರವಾನಗಿ ನವೀಕರಿಸುವಾಗ ಈ ಪಾಲಿಕೆಗಳು ಹೋಟೆಲುಗಳಿಂದ ಮೂರು ಸಂಗತಿ ಬರೆಸಿಕೊಳ್ಳಲಿ: ತಟ್ಟೆ ಎಷ್ಟಿವೆ, ತೊಟ್ಟಿ ಎಷ್ಟಿವೆ, ಬಿಸಿನೀರು ಎಲ್ಲಿಂದ. ಹೊಸದಾಗಿ ತೆರೆಯುವ ದರ್ಶಿನಿಗಳಿಗೆ ತೊಳೆಯುವ ಜಾಗದ ಗೋಡೆಯಲ್ಲಿ, ನಿಂತವರ ಎದೆಯ ಎತ್ತರಕ್ಕೆ, ಎರಡಡಿ ಅಗಲದ ಗಾಜಿನ ಕಿಟಕಿ ಕಡ್ಡಾಯವಾಗಲಿ. ಹಳೆಯ ಕಟ್ಟಡಗಳಲ್ಲಿ ಗೋಡೆ ಒಡೆಯಲಾಗದ ಕಡೆ ಒಂದು ಕ್ಯಾಮೆರಾ ತೊಟ್ಟಿಯ ಕಡೆ ತಿರುಗಲಿ, ಅದರ ಪರದೆ ಗಲ್ಲಾದ ಪಕ್ಕ ಇರಲಿ. ಇಂದಿನ ವಿಶೇಷ ಎಂದು ಕೇಸರಿಬಾತಿನ ಚಿತ್ರ ತೋರಿಸುವ ಪರದೆ ಹೇಗೂ ಅಲ್ಲೇ ಇದೆ.

ಹೋಟೆಲ್ ಕೆಲಸ ಬಲ್ಲ ಕೆಲವರು,
ಬಸವನಗುಡಿ, ಬೆಂಗಳೂರು